ನಿಂತ ಜೀಪಿನ ಖರ್ಚು

ಸರ್ಕಾರಿ ಗಾಡಿಗಳ ಖರ್ಚಿನ ಬಗ್ಗೆ ಮಾತಾಡಲು ಕರೆದಿದ್ದೀರಿ, ಒಂದು ಜೀಪಿನಿಂದ ಶುರು ಮಾಡುತ್ತೇನೆ. ನಾನು ಲೆಕ್ಕಪತ್ರ ಶಾಖೆಯಲ್ಲಿದ್ದ ಕಾಲ. ಒಂದು ತಾಲ್ಲೂಕು ಕಚೇರಿಗೆ ತಪಾಸಣೆಗೆ ಹೋಗಿದ್ದೆ. ಯಾವ ತಾಲ್ಲೂಕು, ಯಾವ ಇಲಾಖೆ ಅಂತ ಹೇಳುವುದಿಲ್ಲ. ಇಲ್ಲಿ ಕೂತವರಲ್ಲಿ ಒಬ್ಬಿಬ್ಬರು ಈಗಲೇ ನಗುತ್ತಿದ್ದಾರೆ. ಕಚೇರಿಯ ಹಿಂದೆ ಒಂದು ಹೊಂಗೆ ಮರ, ಅದರ ಕೆಳಗೆ ಬಿಳಿ ಜೀಪು. ನಾಲ್ಕು ಟೈರಲ್ಲಿ ಮೂರು ನೆಲ ಕಚ್ಚಿದ್ದವು. ಬಾನೆಟ್ ಮೇಲೆ ಹೊಂಗೆ ಹೂ ಬಿದ್ದು, ಒಣಗಿ, ಪದರ ಕಟ್ಟಿತ್ತು. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು. ಬ್ಯಾಟರಿ ಇರಲಿಲ್ಲ. ಸ್ಟೆಪ್ನಿಯೂ ಇರಲಿಲ್ಲ.

ಕಡತ ತರಿಸಿದೆ. ಗಾಡಿ ಕೆಟ್ಟು ನಿಂತು 27 ತಿಂಗಳಾಗಿತ್ತು. ನಿಲ್ಲುವುದಕ್ಕೆ ನಾಲ್ಕು ತಿಂಗಳ ಮೊದಲು ಎಂಜಿನ್ ಕೆಲಸಕ್ಕೆ ಅಂತ 85 ಸಾವಿರ ಖರ್ಚು ಮಾಡಿದ್ದರು. ವಿಲೇವಾರಿ ಮಾಡಲು ಮೇಲಿನ ಕಚೇರಿಗೆ ಬರೆದಿದ್ದರು. ಮೇಲಿನವರು ಆರ್‌ಟಿಒ ಇನ್‌ಸ್ಪೆಕ್ಟರ್ ವರದಿ ಕೇಳಿದ್ದರು. ವರದಿ ಬರುವ ಹೊತ್ತಿಗೆ ಅಧಿಕಾರಿ ವರ್ಗ ಆಗಿದ್ದರು. ಹೊಸಬರು ಮತ್ತೆ ಮೊದಲಿನಿಂದ ಬರೆದರು. ಅಷ್ಟೂ ತಿಂಗಳು ಆ ಜೀಪಿನ ಡ್ರೈವರ್ ದಿನಾ ಬಂದು ಹಾಜರಿ ಹಾಕಿ ಬೆಂಚಿನ ಮೇಲೆ ಕೂರುತ್ತಿದ್ದರು. ಅವರ ತಪ್ಪೇನೂ ಇಲ್ಲ, ಗಾಡಿಯೇ ಇರಲಿಲ್ಲ. ಇನ್ನೊಂದು ಕಡೆ ಅದೇ ಕಚೇರಿ ತಿಂಗಳ ಬಾಡಿಗೆಗೆ ಒಂದು ಟ್ಯಾಕ್ಸಿ ತೆಗೆದುಕೊಂಡಿತ್ತು, ಅದರ ಡ್ರೈವರ್ ಸಮೇತ.

ನಾನು ಅಲ್ಲಿಗೆ ಹೋಗಿದ್ದು ಯಾತಕ್ಕೆ ಗೊತ್ತಾ? ಇನ್ನೊಂದು ಗಾಡಿಯ ಲಾಗ್ ಬುಕ್ಕಿನಲ್ಲಿ 14 ಲೀಟರ್ ಡೀಸೆಲ್ ವ್ಯತ್ಯಾಸ ಬಂದಿತ್ತು. ಅದರ ವಿವರಣೆ ಕೇಳಲು. ಕೇಳಿದೆ, ಬರೆದುಕೊಂಡೆ, ಆಕ್ಷೇಪಣೆ ಹಾಕಿದೆ, ಊಟ ಮಾಡಿ ಬಂದೆ. ಹೊಂಗೆ ಮರದ ಕೆಳಗಿದ್ದ ಜೀಪಿನ ಬಗ್ಗೆ ನನ್ನ ವರದಿಯಲ್ಲಿ ಒಂದು ಸಾಲೂ ಇರಲಿಲ್ಲ. ಕೇಳುವ ಕಾಲಂ ನನ್ನ ನಮೂನೆಯಲ್ಲೇ ಇರಲಿಲ್ಲ.

ಇವತ್ತು ನಾನು ಹೇಳುವುದು ಆ ಇಲ್ಲದ ಕಾಲಂ ಬಗ್ಗೆಯೇ. ನಾವು ಲೀಟರ್ ಕಾಯುತ್ತೇವೆ, ಗಾಡಿ ಕಾಯುವುದಿಲ್ಲ.

ಯಾಕೆ ಹೀಗೆ? ಬಜೆಟ್ ಪುಸ್ತಕ ನೋಡಿದರೆ ಅರ್ಥವಾಗುತ್ತದೆ. ಡೀಸೆಲ್, ರಿಪೇರಿ 195 ಅನ್ನುವ ಲೆಕ್ಕ ಶೀರ್ಷಿಕೆಯಲ್ಲಿ ಬರುತ್ತದೆ, ಸಾರಿಗೆ ವೆಚ್ಚ. ಡ್ರೈವರ್ ಸಂಬಳ ಸಂಬಳದ ಶೀರ್ಷಿಕೆಯಲ್ಲಿ. ಗಾಡಿ ಕೊಂಡ ದುಡ್ಡು ಯಾವತ್ತೋ ಒಂದು ವರ್ಷದ ಖರ್ಚಿನಲ್ಲಿ ಬಂದು ಹೋಗಿರುತ್ತದೆ, ಆಮೇಲೆ ಅದು ಪುಕ್ಕಟೆ ಬಂದ ಹಾಗೆ. ಮೂರೂ ಮೂರು ಕಡೆ. ಒಂದೇ ಹಾಳೆಯ ಮೇಲೆ ಮೂರನ್ನೂ ಸೇರಿಸಿ ಕೂಡಿಸುವವರು ಯಾರೂ ಇಲ್ಲ. ಹಾಗಾಗಿ ‘ಈ ಗಾಡಿಗೆ ವರ್ಷಕ್ಕೆ ಎಷ್ಟು ಖರ್ಚು?’ ಅಂತ ಕೇಳಿದರೆ ಎಲ್ಲರೂ ಡೀಸೆಲ್ ಬಿಲ್ ತೋರಿಸುತ್ತಾರೆ.

ಬನ್ನಿ, ನಾವೇ ಕೂಡಿಸೋಣ. ಪೆನ್ನು ಇರುವವರು ಬರೆದುಕೊಳ್ಳಿ. ಅಂಕಿಗಳೆಲ್ಲ ಅಂದಾಜು, ನಿಮ್ಮ ಕಚೇರಿಯದ್ದು ಹಾಕಿಕೊಂಡು ಬದಲಾಯಿಸಿ. 10 ಲಕ್ಷದ ಒಂದು ಬೊಲೆರೊ. 10 ವರ್ಷ ಓಡಿಸುತ್ತೇವೆ ಅಂದುಕೊಳ್ಳಿ, ವರ್ಷಕ್ಕೆ 1 ಲಕ್ಷ ಸವಕಳಿ. ಕಾಯಂ ಡ್ರೈವರ್, ತಿಂಗಳಿಗೆ 45 ಸಾವಿರ, ವರ್ಷಕ್ಕೆ 5 ಲಕ್ಷ 40 ಸಾವಿರ. ವಿಮೆ ಮತ್ತು ಸಣ್ಣಪುಟ್ಟದ್ದಕ್ಕೆ 30 ಸಾವಿರ. ಗಾಡಿ ತಿಂಗಳಿಗೆ 1,000 ಕಿಲೋಮೀಟರ್ ಓಡುತ್ತದೆ. ಲೀಟರಿಗೆ 12 ಕೊಡುತ್ತದೆ, ಲೀಟರಿಗೆ 90 ರೂಪಾಯಿ. ವರ್ಷದ ಡೀಸೆಲ್ 90 ಸಾವಿರ. ಟೈರು, ಸರ್ವಿಸು, ರಿಪೇರಿ 60 ಸಾವಿರ. ಒಟ್ಟು 8 ಲಕ್ಷ 20 ಸಾವಿರ. 12,000 ಕಿಲೋಮೀಟರಿಗೆ ಭಾಗಿಸಿ. ಒಂದು ಕಿಲೋಮೀಟರಿಗೆ 68 ರೂಪಾಯಿ ಚಿಲ್ಲರೆ.

ಅದರಲ್ಲಿ ಡೀಸೆಲ್ ಪಾಲು ಏಳೂವರೆ ರೂಪಾಯಿ. ಉಳಿದ 60 ರೂಪಾಯಿ?

ಈಗ ಕಳ್ಳತನದ ಲೆಕ್ಕ ಹಾಕಿ. ನೂರಕ್ಕೆ ಹತ್ತು ಲೀಟರ್ ಡೀಸೆಲ್ ಸೋರಿಹೋಗುತ್ತಿದೆ ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ 9 ಸಾವಿರ. ತಡೆಯಬೇಕು, ಒಪ್ಪುತ್ತೇನೆ. ಕಳ್ಳತನ ಕಳ್ಳತನವೇ. ಆದರೆ ಇದೇ ಗಾಡಿ ತಿಂಗಳಿಗೆ 1,000 ಬದಲು 500 ಕಿಲೋಮೀಟರ್ ಓಡಿದರೆ ಏನಾಗುತ್ತದೆ ನೋಡಿ. ಡೀಸೆಲ್ ಅರ್ಧ ಆಯಿತು, 45 ಸಾವಿರ ಉಳಿಯಿತು. ಸಾಹೇಬರು ಖುಷಿ. ‘ಈ ವರ್ಷ ಇಂಧನದಲ್ಲಿ ಅರ್ಧದಷ್ಟು ಉಳಿತಾಯ’ ಅಂತ ಮೀಟಿಂಗಿನಲ್ಲಿ ಹೇಳುತ್ತಾರೆ. ಕಿಲೋಮೀಟರ್ ಲೆಕ್ಕ ಹಾಕಿದರೆ 129 ರೂಪಾಯಿ ದಾಟಿರುತ್ತದೆ. ಅದೇ ಗಾಡಿ ತಿಂಗಳಿಗೆ 2,000 ಓಡಿದರೆ? ಡೀಸೆಲ್ ದುಪ್ಪಟ್ಟು, ರಿಪೇರಿ 1 ಲಕ್ಷ ಹಿಡಿಯಿರಿ. ಒಟ್ಟು ಒಂಬತ್ತೂವರೆ ಲಕ್ಷ. ಕಿಲೋಮೀಟರಿಗೆ 40 ರೂಪಾಯಿಗಿಂತ ಕಡಿಮೆ. ಡೀಸೆಲ್ ಬಿಲ್ ನೋಡಿದರೆ ಇವನೇ ಖರ್ಚುಗಾರ.

ಸುಮ್ನೆ ಓಡಿಸಿ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. 24,000 ಕಿಲೋಮೀಟರ್ ಕೆಲಸವನ್ನು ಎರಡು ಗಾಡಿಗೆ ಹಂಚಿದರೆ 16 ಲಕ್ಷ ಚಿಲ್ಲರೆ, ಒಂದೇ ಗಾಡಿ ಮಾಡಿದರೆ ಒಂಬತ್ತೂವರೆ. ಇಷ್ಟೇ ವಿಷಯ.

ಈ ಲೆಕ್ಕ ನಮ್ಮ ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. ಇದೇ ರಾಜ್ಯದಲ್ಲಿ ಎರಡು ಥರದ ನಂಬರ್ ಪ್ಲೇಟ್ ಇದೆ, ಗಮನಿಸಿದ್ದೀರಾ? ಕೆಎ ಆದಮೇಲೆ ಎಫ್ ಅಂತ ಇದ್ದರೆ ಸಾರಿಗೆ ಸಂಸ್ಥೆಯ ಬಸ್ಸು. ಜಿ ಅಂತ ಇದ್ದರೆ ಇಲಾಖೆಯ ಗಾಡಿ. ಎರಡೂ ನಮ್ಮ ದುಡ್ಡಿನದ್ದೇ. ಆದರೆ ಎಫ್ ಪ್ಲೇಟಿನವರ ಭಾಷೆಯೇ ಬೇರೆ, ಜಿ ಪ್ಲೇಟಿನವರ ಭಾಷೆಯೇ ಬೇರೆ.

ಯಾವುದಾದರೂ ಬಸ್ ಡಿಪೋ ಒಳಗೆ ಹೋಗಿ ನೋಡಿ. ಗೋಡೆಯ ಮೇಲೆ ಕಪ್ಪು ಹಲಗೆ. ಪ್ರತಿ ಡ್ರೈವರ್ ಲೀಟರಿಗೆ ಎಷ್ಟು ಕಿಲೋಮೀಟರ್ ತೆಗೆದ ಅಂತ ಬರೆದಿರುತ್ತಾರೆ. ಅವರು ಅದನ್ನು ಕೆಎಂಪಿಎಲ್ ಅಂತಾರೆ. ಅಲ್ಲಿ ಕ್ಯಾಂಟೀನಿನಲ್ಲಿ ಟೀ ಕುಡಿಯುವಾಗಲೂ ಅದೇ ಮಾತು: ‘ನಿಂದೆಷ್ಟು ಬಂತು? ನಂದು 5.1.’ ಕಿಲೋಮೀಟರಿಗೆ ಗಳಿಕೆ ಎಷ್ಟು, ಕಿಲೋಮೀಟರಿಗೆ ಖರ್ಚು ಎಷ್ಟು, ಇಪಿಕೆಎಂ, ಸಿಪಿಕೆಎಂ. ಒಟ್ಟು ಬಸ್ಸಿನಲ್ಲಿ ಇವತ್ತು ರಸ್ತೆ ಮೇಲೆ ಎಷ್ಟಿವೆ? ಒಂದು ಬಸ್ಸು ದಿನಕ್ಕೆ ಎಷ್ಟು ಓಡಿತು? ನಿಂತ ಬಸ್ಸು ಯಾಕೆ ನಿಂತಿದೆ? ಡಿಪೋ ಮ್ಯಾನೇಜರಿಗೆ ಬೆಳಿಗ್ಗೆ ಎದ್ದ ಕೂಡಲೇ ಈ ಪ್ರಶ್ನೆ. ಇಷ್ಟು ಕಿಲೋಮೀಟರಿಗೆ ಡಾಕಿಂಗ್ (ನಿಗದಿತ ತಪಾಸಣೆ, ದುರಸ್ತಿ) ಅಂದರೆ ಆ ಕಿಲೋಮೀಟರಿಗೆ ಬಸ್ಸು ಒಳಗೆ ಬರಬೇಕು, ಕೆಟ್ಟ ಮೇಲೆ ಅಲ್ಲ. ಟೈರು ಸವೆದರೆ ಎಸೆಯುವುದಿಲ್ಲ, ಮೇಲೆ ಹೊಸ ರಬ್ಬರ್ ಪದರ ಹಾಕಿ ರೀಟ್ರೆಡ್ ಮಾಡುತ್ತಾರೆ.

ಕೆಲವು ವರ್ಷದ ಹಿಂದೆ ಕೆಎಸ್‌ಆರ್‌ಟಿಸಿಯವರು ಇನ್ನೊಂದು ಕೆಲಸ ಮಾಡಿದರು. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಹಳೆಯ ಬಸ್ಸುಗಳನ್ನು ತಮ್ಮದೇ ವರ್ಕ್‌ಶಾಪಿನಲ್ಲಿ ಬಿಚ್ಚಿ, ಬಾಡಿ ಹೊಸದಾಗಿ ಕಟ್ಟಿ ರಸ್ತೆಗೆ ಬಿಟ್ಟರು. ಬಸ್ಸೊಂದಕ್ಕೆ ಸುಮಾರು 3 ಲಕ್ಷ. ಹೊಸದಕ್ಕೆ 40 ಲಕ್ಷದ ಆಸುಪಾಸು. ಹಾಸನಕ್ಕೆ ಹೋಗುವಾಗ ಅಂಥ ಬಸ್ಸಿನಲ್ಲಿ ಕೂತಿದ್ದೇನೆ. ಪಕ್ಕದವರು ‘ಹೊಸ ಬಸ್ಸು ಬಿಟ್ಟಿದ್ದಾರೆ’ ಅಂದರು.

ಯಾರೋ ಕೇಳುತ್ತಿದ್ದೀರಿ, ನಷ್ಟದಲ್ಲಿರುವ ನಿಗಮದಿಂದ ಕಲಿಯುವುದೇನು ಅಂತ. ಒಳ್ಳೆಯ ಪ್ರಶ್ನೆ. 2020ರ ಫೆಬ್ರವರಿಯಲ್ಲಿ ಏರಿದ ಟಿಕೆಟ್ ದರ ಮತ್ತೆ ಏರಿದ್ದು 2025ರ ಜನವರಿಯಲ್ಲಿ. ನಡುವೆ ಡೀಸೆಲ್ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ನಿಮಗೆ ಗೊತ್ತು. ಟಿಕೆಟ್ ದರ, ಸಂಬಳ, ಬರಬೇಕಾದ ಬಾಕಿ, ಇವು ಡಿಪೋ ಮ್ಯಾನೇಜರ್ ಕೈಯಲ್ಲಿಲ್ಲ. ಅವರ ಕೈಯಲ್ಲಿರುವುದು ಗಾಡಿ. ಗಾಡಿಯನ್ನು ಅವರು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸಿನಿಂದ ಶುರುವಾಯಿತು. ಅಂದರೆ ಕಿಲೋಮೀಟರ್ ಲೆಕ್ಕ ಇಡುವ ಕೆಲಸ ಸರ್ಕಾರದ ಒಳಗೆ 75 ವರ್ಷದಿಂದ ನಡೆದುಕೊಂಡು ಬಂದಿದೆ. ರಸ್ತೆ ದಾಟಿ ಪಕ್ಕದ ಕಚೇರಿಗೆ ಬಂದಿಲ್ಲ, ಅಷ್ಟೇ.

ಇನ್ನು ಜಿ ಪ್ಲೇಟಿಗೆ ಬರೋಣ. ಲಾಗ್ ಬುಕ್. ನನ್ನ ಅರ್ಧ ಆಯುಷ್ಯ ಇದರಲ್ಲಿ ಕಳೆದಿದೆ. ಒಂದು ಪುಸ್ತಕ ನೆನಪಿದೆ. ‘ಮೀಟರ್ ಕೆಟ್ಟಿದೆ’ ಅಂತ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು. ಆಮೇಲೆ ಪ್ರತಿ ದಿನ ‘ಸ್ಥಳೀಯ ಓಡಾಟ, 62 ಕಿ.ಮೀ.’. ಸೋಮವಾರ 62, ಮಂಗಳವಾರ 62. ಗಣೇಶ ಹಬ್ಬದ ದಿನ ರಜೆ, ಮರುದಿನ 62. ಒಂದೇ ಪೆನ್ನು, ಒಂದೇ ಓರೆ. ಇಡೀ ತಿಂಗಳು ಒಂದೇ ಸಲ ಕೂತು ಬರೆದದ್ದು ಅಂತ ಅಕ್ಷರ ನೋಡಿದರೆ ಗೊತ್ತಾಗುತ್ತದೆ. ಸಹಿ ಮಾಡುವ ಅಧಿಕಾರಿಯೂ ಒಂದೇ ಸಲ ಮೂವತ್ತು ಸಹಿ ಮಾಡಿರುತ್ತಾರೆ. ಕೊನೆಯ ಹತ್ತು ಸಹಿ ಕೈ ಸೋತು ಬರೀ ಗೆರೆ ಆಗಿರುತ್ತದೆ.

ಆ ಮೀಟರ್ ಕೇಬಲ್ ಹಾಕಿಸಲು ಎಷ್ಟು ಬೇಕಿತ್ತು ಅಂತ ಹೊರಗೆ ಮೆಕ್ಯಾನಿಕ್ ಹತ್ತಿರ ಕೇಳಿದೆ. ಕೆಲವು ನೂರು ರೂಪಾಯಿ. ಎರಡು ವರ್ಷ ಯಾರಿಗೂ ಅದು ಬೇಕಾಗಿರಲಿಲ್ಲ.

ಈಗ ಜಿಪಿಎಸ್ ಬಂದಿದೆ ಅಂತೀರಿ. ಬಂದಿದೆ. ಕಸದ ಗಾಡಿಗೆ, ನೀರಿನ ಟ್ಯಾಂಕರಿಗೆ ಹಾಕಿರುವುದು ನಿಜಕ್ಕೂ ಉಪಯೋಗಕ್ಕೆ ಬಂದಿದೆ. ಆದರೆ ಒಂದು ಮಾತು. ಜಿಪಿಎಸ್ ಗಾಡಿ ಎಲ್ಲಿದೆ ಅಂತ ಹೇಳುತ್ತದೆ. ಅಲ್ಲಿ ಯಾಕಿದೆ ಅಂತ ಕೇಳುವ ಮನುಷ್ಯ ಬೇಕು. ಪರದೆಯ ಮೇಲೆ ಚುಕ್ಕೆಗಳು ಹಸಿರಾಗಿ ಮಿನುಗುತ್ತಿರುತ್ತವೆ, ಎದುರಿನ ಕುರ್ಚಿ ಖಾಲಿ. ಇದನ್ನೂ ನೋಡಿದ್ದೇನೆ.

ಬಾಡಿಗೆ ಗಾಡಿಯ ಕಥೆ ಬೇರೆ. ಇತ್ತೀಚೆಗೆ ಎಲ್ಲ ಕಡೆ ಇದೇ: ಸ್ವಂತ ಗಾಡಿ ಬೇಡ, ಡ್ರೈವರ್ ನೇಮಕ ಬೇಡ, ತಿಂಗಳಿಗೆ ಇಷ್ಟು ಅಂತ ಟೆಂಡರ್ ಕರೆಯಿರಿ. ಲೆಕ್ಕದಲ್ಲಿ ಇದು ಎಷ್ಟೋ ಕಡೆ ಸರಿಯೇ. ಮೇಲಿನ ನಮ್ಮ ಬೊಲೆರೊಗೆ ತಿಂಗಳಿಗೆ 68 ಸಾವಿರ ಬಿತ್ತು. ಅದಕ್ಕಿಂತ ಕಡಿಮೆಗೆ ಡ್ರೈವರ್ ಸಮೇತ ಕಾರು ಸಿಗುತ್ತದೆ. ತೊಂದರೆ ಎಲ್ಲಿ ಅಂದರೆ, ಒಪ್ಪಂದದಲ್ಲಿ ತಿಂಗಳಿಗೆ 2,000 ಕಿಲೋಮೀಟರ್‌ವರೆಗೆ ಇಷ್ಟು ಅಂತ ಇರುತ್ತದೆ. ಓಡುವುದು 700. ದುಡ್ಡು 2,000ದ್ದೇ. ನಿಂತ ಜೀಪಿನ ಜಾಗಕ್ಕೆ ನಿಂತ ಟ್ಯಾಕ್ಸಿ ಬಂತು, ಅಷ್ಟೇ. ಒಪ್ಪಂದ ಮಾಡುವ ಮೊದಲು ಹಿಂದಿನ ವರ್ಷ ನಿಜವಾಗಿ ಎಷ್ಟು ಓಡಿದ್ದೀರಿ ಅಂತ ನೋಡಿ. 700 ಇದ್ದರೆ 800ಕ್ಕೆ ಟೆಂಡರ್ ಕರೆಯಿರಿ, ಹೆಚ್ಚಾದರೆ ಕಿಲೋಮೀಟರಿಗೆ ಇಷ್ಟು ಅಂತ ಸೇರಿಸಿ. ಅಥವಾ ಬೇಕಾದ ದಿನ ಮಾತ್ರ ತರಿಸಿ. ತಿಂಗಳಿಗೆ ಆರು ದಿನ ಹಳ್ಳಿ ಸುತ್ತುವ ಅಧಿಕಾರಿಗೆ ಮೂವತ್ತು ದಿನ ಗಾಡಿ ಯಾಕೆ?

ಇನ್ನೊಂದು, ಬಿಲ್ಲಿನಲ್ಲಿರುವ ನಂಬರನ್ನು ಒಮ್ಮೆ ವಾಹನ ನೋಂದಣಿ ತೋರಿಸುವ ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡಿ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಗಳಲ್ಲಿ ಇದು ಮತ್ತೆ ಮತ್ತೆ ಬರುವ ವಿಷಯ. ಲಾರಿ ಅಂತ ಬಿಲ್ ಮಾಡಿದ ನಂಬರ್ ಸ್ಕೂಟರಿನದ್ದಾಗಿರುತ್ತದೆ. ಟನ್‌ಗಟ್ಟಲೆ ಮಾಲು ಸ್ಕೂಟರಿನಲ್ಲಿ ಹೋಗಿರುತ್ತದೆ! ಹಿಂದೆ ಇದನ್ನು ಪತ್ತೆ ಹಚ್ಚಲು ಆರ್‌ಟಿಒಗೆ ಪತ್ರ ಬರೆದು ತಿಂಗಳು ಕಾಯಬೇಕಿತ್ತು. ಈಗ ಅರ್ಧ ನಿಮಿಷ.

ಪೂಲ್ ಮಾಡುವ ಬಗ್ಗೆ, ಅಂದರೆ ಹಲವು ಕಚೇರಿ ಸೇರಿ ಗಾಡಿ ಹಂಚಿಕೊಂಡು ಬಳಸುವ ಬಗ್ಗೆ, ಸ್ವಲ್ಪ ಹೇಳಬೇಕು. ಮಿನಿ ವಿಧಾನಸೌಧ, ಸರ್ಕಾರ ಹೆಸರು ಬದಲಿಸಿ ತಾಲ್ಲೂಕು ಆಡಳಿತ ಸೌಧ ಅಂದಿತು, ಜನ ಮಾತ್ರ ಇನ್ನೂ ಮಿನಿ ಅಂತಲೇ ಅಂತಾರೆ. ಅದರ ಮುಂದೆ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ನಿಲ್ಲಿ. ಎಷ್ಟು ಜಿ ಪ್ಲೇಟ್ ನಿಂತಿವೆ ಎಣಿಸಿ. ಮಧ್ಯಾಹ್ನ ಮೂರಕ್ಕೆ ಮತ್ತೆ ಎಣಿಸಿ. ಡ್ರೈವರುಗಳು ಮರದ ಕೆಳಗೆ ಪತ್ರಿಕೆ ಹಂಚಿಕೊಂಡು ಓದುತ್ತಿರುತ್ತಾರೆ. ಒಂದೇ ಹೋಬಳಿಗೆ ಒಂದೇ ದಿನ ಮೂರು ಇಲಾಖೆಯ ಮೂರು ಗಾಡಿ ಹೋಗುತ್ತವೆ, ಒಂದೊಂದರಲ್ಲಿ ಒಬ್ಬೊಬ್ಬರು. ‘ಒಟ್ಟಿಗೆ ಹೋಗಬಹುದಲ್ವಾ ಸಾರ್’ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಹೋಗುವುದೂ ಇಲ್ಲ.

ಕಾರಣ ನಿಮಗೂ ಗೊತ್ತು, ನನಗೂ ಗೊತ್ತು. ಗಾಡಿ ಅಂದರೆ ಬರೀ ಗಾಡಿಯಲ್ಲ, ಗತ್ತು. 2017ರ ಮೇ 1ರಿಂದ ಕೆಂಪು ದೀಪ ಹೋಯಿತು. ಗಾಡಿ ಉಳಿಯಿತು. ಎರಡನೇ ದರ್ಜೆಯಿಂದ ಮೊದಲ ದರ್ಜೆಗೆ ಬಡ್ತಿ ಆದವರು ಮನೆಯಲ್ಲಿ ಮೊದಲು ಹೇಳುವುದು ಸಂಬಳ ಎಷ್ಟಾಯಿತು ಅಂತ ಅಲ್ಲ, ಜೀಪು ಬಂತು ಅಂತ. ನಾನೂ ಹೇಳಿದ್ದೇನೆ.

ಹಾಗಾಗಿ ಬುದ್ಧಿ ಹೇಳಿ ಪೂಲ್ ಮಾಡಿಸಲು ಆಗುವುದಿಲ್ಲ. ಬೇರೆ ದಾರಿ ಇದೆ. ಅಮೆರಿಕದ ಕೇಂದ್ರ ಸರ್ಕಾರದಲ್ಲಿ ಜಿಎಸ್‌ಎ ಅಂತ ಒಂದು ಸಂಸ್ಥೆ 1954ರಿಂದ ಇಲಾಖೆಗಳಿಗೆ ಗಾಡಿ ಒದಗಿಸುತ್ತಿದೆ. ಗಾಡಿ ಸಂಸ್ಥೆಯದ್ದು. ಬಳಸುವ ಇಲಾಖೆ ತಿಂಗಳಿಗೆ ಇಷ್ಟು ಬಾಡಿಗೆ, ಜೊತೆಗೆ ಓಡಿದ ಪ್ರತಿ ಮೈಲಿಗೆ ಇಷ್ಟು ಅಂತ ಕೊಡಬೇಕು. ಕಾರು ವರ್ಷಕ್ಕೆ 12,000 ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ 19,000 ಕಿಲೋಮೀಟರ್ ಚಿಲ್ಲರೆ, ಓಡಬೇಕು ಅಂತ ಒಂದು ಅಳತೆಗೋಲೂ ಇದೆ. ಅಷ್ಟು ಓಡದಿದ್ದರೆ ಗಾಡಿ ಯಾಕೆ ಬೇಕು ಅಂತ ಇಲಾಖೆ ಸಮರ್ಥಿಸಿಕೊಳ್ಳಬೇಕು. ಅಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೇಳುವುದಿಲ್ಲ. ಅಲ್ಲಿಯೂ ನಿಂತ ಗಾಡಿಗಳ ಬಗ್ಗೆ ಆಡಿಟ್ ಆಕ್ಷೇಪಣೆ ಬರುತ್ತಲೇ ಇರುತ್ತದೆ. ಆದರೆ ಆ ತಿಂಗಳ ಬಾಡಿಗೆ ಇದೆಯಲ್ಲ, ಅದು ಜಾಣತನ. ಗಾಡಿ ನಿಂತರೂ ಬಿಲ್ ಬರುತ್ತದೆ. ಮರದ ಕೆಳಗಿನ ಜೀಪಿಗೆ ನಮ್ಮ ಕಚೇರಿಯ 195ರಿಂದ ತಿಂಗಳಿಗೆ 50 ಸಾವಿರ ಕಡಿತ ಆಗುತ್ತಿದ್ದರೆ 27 ತಿಂಗಳು ನಿಲ್ಲುತ್ತಿತ್ತಾ? 27 ದಿನವೂ ಇಲ್ಲ. ಜಿಲ್ಲೆಗೊಂದು ಪೂಲ್ ಮಾಡಿ, ಗಾಡಿಯನ್ನೂ ಡ್ರೈವರನ್ನೂ ಅದರ ಹೆಸರಿಗೆ ಹಾಕಿ, ಕಚೇರಿಗಳಿಂದ ಬಾಡಿಗೆ ವಸೂಲಿ ಮಾಡಿ. ಯಾರ ಗತ್ತಿಗೂ ಧಕ್ಕೆ ಇಲ್ಲ, ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ. ಬಜೆಟ್ ಅವರದ್ದೇ ಕರಗುತ್ತದೆ.

ಒಂದು ವಿಷಯ ಮರೆಯಬಾರದು. ಎಲ್ಲ ನಿಂತ ಗಾಡಿಯೂ ದಂಡವಲ್ಲ. 108 ಆಂಬುಲೆನ್ಸ್ ನಿಂತಿರಲೇಬೇಕು. ಅಗ್ನಿಶಾಮಕ ಗಾಡಿ ನಿಂತಿದ್ದರೆ ಊರು ಚೆನ್ನಾಗಿದೆ ಅಂತ ಅರ್ಥ. ಅವುಗಳನ್ನು ಕಿಲೋಮೀಟರಿನಲ್ಲಿ ಅಳೆಯಬಾರದು, ಕರೆದಾಗ ಎಷ್ಟು ನಿಮಿಷಕ್ಕೆ ಹೊರಟವು ಅನ್ನುವುದರಲ್ಲಿ ಅಳೆಯಬೇಕು. ಹಾಗೆಯೇ ಜೆಸಿಬಿ, ಒಳಚರಂಡಿ ಸ್ವಚ್ಛ ಮಾಡುವ ಜೆಟ್ಟಿಂಗ್ ಯಂತ್ರ. ಇವು ನಿಂತ ಜಾಗದಲ್ಲೇ ದುಡಿಯುತ್ತವೆ. ಓಡಿದ್ದು 5 ಕಿಲೋಮೀಟರ್, ಎಂಜಿನ್ ಆನ್ ಇದ್ದದ್ದು 7 ಗಂಟೆ. ಇವಕ್ಕೆ ಗಂಟೆ ಮೀಟರ್ ಇರುತ್ತದೆ. ಆಯಿಲ್ ಬದಲಾವಣೆಯೂ ಗಂಟೆ ಲೆಕ್ಕದಲ್ಲೇ. ಕಿಲೋಮೀಟರ್ ನೋಡಿ ‘ಇನ್ನೂ ಸರ್ವಿಸ್ ಬಂದಿಲ್ಲ’ ಅಂತ ಕೂತರೆ ಎಂಜಿನ್ ಕಚ್ಚಿಕೊಳ್ಳುತ್ತದೆ. ಒಂದು ನಗರಸಭೆಯಲ್ಲಿ ಹೀಗೇ ಆಯಿತು. ಕಾರಿನ ಲಾಗ್ ಬುಕ್ಕನ್ನೇ ಜೆಟ್ಟಿಂಗ್ ಯಂತ್ರಕ್ಕೂ ಕೊಟ್ಟಿದ್ದರು, ಗಂಟೆ ಬರೆಯುವ ಕಾಲಂ ಇರಲಿಲ್ಲ. ನೋಡಿ, ಮತ್ತೆ ಕಾಲಂ.

ಇದೇ ಕಾರಣಕ್ಕೆ 15 ವರ್ಷದ ನಿಯಮದ ಬಗ್ಗೆ ನನಗೆ ಎರಡು ಮನಸ್ಸು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಯ ನೋಂದಣಿ ನವೀಕರಣ ಇಲ್ಲ. ಕೇಂದ್ರ, ರಾಜ್ಯ, ನಗರಸಭೆ, ನಿಗಮ, ಸಾರಿಗೆ ಸಂಸ್ಥೆ, ಎಲ್ಲಕ್ಕೂ. ದೇಶದ ರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಗೆ ಬಳಸುವ ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ. ಹೊಂಗೆ ಮರದ ಕೆಳಗಿನ ಜೀಪುಗಳಿಗೆ ಇದು ದೊಡ್ಡ ಉಪಕಾರ. ಕಡತ ಓಡಿಸುವವರಿಲ್ಲದೆ ನಿಂತಿದ್ದವೆಲ್ಲ ಕ್ಯಾಲೆಂಡರ್ ದಿನಾಂಕಕ್ಕೆ ಹೊರಟವು. ಆದರೆ ಕಿಲೋಮೀಟರ್ ಕಡಿಮೆ ಓಡಿದ, ಚೆನ್ನಾಗಿ ನೋಡಿಕೊಂಡ ಅಗ್ನಿಶಾಮಕ ಗಾಡಿಗೂ ಅದೇ ದಿನಾಂಕ. ವಯಸ್ಸು ನೋಡುವುದು ಸುಲಭ, ಆರೋಗ್ಯ ನೋಡುವುದು ಕಷ್ಟ. ಸರ್ಕಾರ ಸುಲಭದ್ದನ್ನು ಆರಿಸಿಕೊಂಡಿತು.

ನಿಜ ಹೇಳಬೇಕೆಂದರೆ ದಿನಾ ಓಡುವ ಜೀಪಿಗೆ 15 ವರ್ಷ ಜಾಸ್ತಿಯೇ ಆಯಿತು. ಖಾಸಗಿ ಟ್ಯಾಕ್ಸಿ ಮಾಲೀಕರನ್ನು ನೋಡಿ. ದೊಡ್ಡ ಎಂಜಿನ್ ಕೆಲಸ ಬರುವ ಮುಂಚೆ ಗಾಡಿ ಮಾರುತ್ತಾರೆ. ನಾವು ದೊಡ್ಡ ಕೆಲಸ ಮಾಡಿಸಿ, ನಾಲ್ಕು ತಿಂಗಳು ಓಡಿಸಿ, ಆಮೇಲೆ ನಿಲ್ಲಿಸಿ, ತುಕ್ಕು ಹಿಡಿಸಿ, ಆಮೇಲೆ ಹರಾಜು ಕೂಗುತ್ತೇವೆ. ನಿಂತ ಪ್ರತಿ ಮಳೆಗಾಲಕ್ಕೂ ಬೆಲೆ ಇಳಿಯುತ್ತದೆ. ಮೊದಲು ಬ್ಯಾಟರಿ ಹೋಗುತ್ತದೆ, ಆಮೇಲೆ ಸ್ಟೆಪ್ನಿ, ಆಮೇಲೆ ಸ್ಟೀರಿಯೊ. ಯಾರು ತೆಗೆದುಕೊಂಡು ಹೋದರು ಅಂತ ಯಾರಿಗೂ ಗೊತ್ತಿರುವುದಿಲ್ಲ. ಈಗ ಎಂಎಸ್‌ಟಿಸಿ ಅನ್ನುವ ಕೇಂದ್ರ ಸರ್ಕಾರಿ ಸಂಸ್ಥೆಯ ಇ-ಹರಾಜು ಇದೆ, ಸಿಂಡಿಕೇಟ್ ಮಾಡಿಕೊಂಡು ಬರುವ ಗುಜರಿಯವರ ಕಾಟ ಮೊದಲಿನಷ್ಟಿಲ್ಲ. ವಿಲೇವಾರಿ ಕಡತವನ್ನು ಗಾಡಿ ಇನ್ನೂ ಓಡುತ್ತಿರುವಾಗಲೇ ತೆರೆಯಿರಿ. ನನ್ನ ಒಂದೇ ಒಂದು ಸಲಹೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನಡುವೆ ಒಂದು ನಗುವ ವಿಷಯ. ಭೂಸ್ವಾಧೀನದ ಪರಿಹಾರ ಕೊಡದೆ ಇದ್ದಾಗ ಕೋರ್ಟ್ ಅಮೀನರು ಬಂದು ಉಪವಿಭಾಗಾಧಿಕಾರಿ (ಎಸಿ) ಕಚೇರಿಯ ಕಂಪ್ಯೂಟರ್, ಕುರ್ಚಿ, ಜೀಪು ಜಪ್ತಿ ಮಾಡುವುದನ್ನು ಪತ್ರಿಕೆಯಲ್ಲಿ ನೋಡಿರುತ್ತೀರಿ. ಅಂಥ ಒಂದು ಸಂದರ್ಭದಲ್ಲಿ ಅಮೀನರು ಜೀಪು ನೋಡಿ ‘ಇದು ಬೇಡ, ತಳ್ಳಿಕೊಂಡು ಹೋಗೋರು ಯಾರು’ ಅಂದರಂತೆ. ಕುರ್ಚಿ ತೆಗೆದುಕೊಂಡು ಹೋದರು. ನಮ್ಮ ಗಾಡಿಗಳ ಮೌಲ್ಯಮಾಪನ ಇದಕ್ಕಿಂತ ಚೆನ್ನಾಗಿ ಯಾವ ಇನ್‌ಸ್ಪೆಕ್ಟರೂ ಬರೆದಿಲ್ಲ.

ಇಲೆಕ್ಟ್ರಿಕ್ ಗಾಡಿ ಬಗ್ಗೆ ಕೇಳುತ್ತೀರಿ ಅಂತ ಗೊತ್ತಿತ್ತು. 2017ರಲ್ಲಿ ಕೇಂದ್ರದ ಇಇಎಸ್‌ಎಲ್ ಸಂಸ್ಥೆ ಸರ್ಕಾರಿ ಕಚೇರಿಗಳಿಗೆ ಅಂತ 10,000 ಇಲೆಕ್ಟ್ರಿಕ್ ಕಾರಿಗೆ ಒಟ್ಟಿಗೆ ಟೆಂಡರ್ ಕರೆಯಿತು. ಟಾಟಾ ಮತ್ತು ಮಹೀಂದ್ರಾ ಬಂದವು. ಒಟ್ಟಿಗೆ ಕೊಂಡರೆ ಬೆಲೆ ಇಳಿಯುತ್ತದೆ ಅನ್ನುವುದು ಆ ಟೆಂಡರಿನ ಲೆಕ್ಕ, ಅದು ಸರಿಯಾದ ಲೆಕ್ಕವೇ. ಆದರೆ ಕಾರು ದಿನಕ್ಕೆ ಎಷ್ಟು ಓಡುತ್ತದೆ ಅನ್ನುವ ಲೆಕ್ಕ ಪ್ರತಿ ಕಚೇರಿಯೂ ತಾನೇ ಹಾಕಿಕೊಳ್ಳಬೇಕು. ನಮ್ಮ ಲೆಕ್ಕಕ್ಕೇ ಬನ್ನಿ. ಡೀಸೆಲಿಗೆ ಕಿಲೋಮೀಟರಿಗೆ ಏಳೂವರೆ, ಕರೆಂಟಿಗೆ ಒಂದೂವರೆ ಅಂತ ಇಟ್ಟುಕೊಳ್ಳಿ. ಕಿಲೋಮೀಟರಿಗೆ 6 ರೂಪಾಯಿ ಉಳಿತಾಯ. ಗಾಡಿಯ ಬೆಲೆ 5 ಲಕ್ಷ ಜಾಸ್ತಿ ಅಂತ ಹಿಡಿಯಿರಿ. ವರ್ಷಕ್ಕೆ 12,000 ಓಡಿದರೆ ಆ 5 ಲಕ್ಷ ವಾಪಸ್ ಬರಲು ಏಳು ವರ್ಷ. 24,000 ಓಡಿದರೆ ಮೂರೂವರೆ ವರ್ಷ. 6,000 ಓಡುವ ಕಾರಿಗೆ 14 ವರ್ಷ ಬೇಕು. ನೋಂದಣಿಗೆ ಇನ್ನು ಒಂದೇ ವರ್ಷ ಬಾಕಿ ಇರುತ್ತದೆ!

ಇಲೆಕ್ಟ್ರಿಕ್ ಗಾಡಿ ದುಡ್ಡು ಉಳಿಸುವುದು ಓಡಿದಾಗ ಮಾತ್ರ. ಅದಕ್ಕೇ ಅದು ಸಿಟಿ ಬಸ್ಸಿಗೆ ಚೆನ್ನಾಗಿ ಹೊಂದುತ್ತದೆ. ದಿನಾ ಒಂದೇ ದಾರಿ, ರಾತ್ರಿ ಡಿಪೋಗೆ ವಾಪಸ್. ಬಿಎಂಟಿಸಿ ಈಗ ಓಡಿಸುತ್ತಿರುವ ಇಲೆಕ್ಟ್ರಿಕ್ ಬಸ್ಸುಗಳಲ್ಲಿ ಬಸ್ಸು ಕಂಪನಿಯದ್ದು, ಡ್ರೈವರ್ ಕಂಪನಿಯವರು, ಕಂಡಕ್ಟರ್ ಬಿಎಂಟಿಸಿಯವರು. ಕಂಪನಿಗೆ ಕೊಡುವುದು ಕಿಲೋಮೀಟರಿಗೆ ಇಷ್ಟು ಅಂತ. ಬಸ್ಸು ಕೆಟ್ಟು ನಿಂತರೆ ಕಂಪನಿಗೆ ನಷ್ಟ. ಕಸದ ಆಟೊಗೂ ಇದು ಸರಿ ಹೋಗುತ್ತದೆ. ದಿನಕ್ಕೆ 20 ಕಿಲೋಮೀಟರ್ ಓಡಿ ಮರದ ಕೆಳಗೆ ನಿಲ್ಲುವ ಸಾಹೇಬರ ಕಾರಿಗೆ ಬೇಡ. ಆ ಕಾರೇ ಬೇಡ ಅನ್ನುವುದು ಬೇರೆ ಮಾತು.

ಡ್ರೈವರುಗಳ ಬಗ್ಗೆ ಹೇಳದೆ ಮುಗಿಸಲಾರೆ. ನಮ್ಮ ಬೊಲೆರೊ ಲೆಕ್ಕದಲ್ಲಿ ಅತಿ ದೊಡ್ಡ ಅಂಕಿ ಅವರ ಸಂಬಳ. ಅದನ್ನು ಕಡಿಮೆ ಮಾಡಿ ಅಂತ ನಾನು ಹೇಳುವುದಿಲ್ಲ. ಅಷ್ಟು ಕೊಟ್ಟು ನಾವು ಅವರಿಂದ ತೆಗೆದುಕೊಳ್ಳುವುದು ಸ್ಟೀರಿಂಗ್ ತಿರುಗಿಸುವ ಕೆಲಸ ಮಾತ್ರ, ಅದೇ ನನ್ನ ದೂರು. ಒಬ್ಬರು ಹಿರಿಯ ಡ್ರೈವರ್ ಲಾಗ್ ಬುಕ್ಕಿನ ಷರಾ ಕಾಲಂನಲ್ಲಿ ಮೂರು ವಾರ ಬರೆದಿದ್ದರು. ಮೊದಲ ವಾರ ‘ಕ್ಲಚ್ ಜಾರುತ್ತಿದೆ.’ ಎರಡನೇ ವಾರ ‘ಕ್ಲಚ್ ಜಾಸ್ತಿ ಜಾರುತ್ತಿದೆ, ದಯವಿಟ್ಟು ನೋಡುವುದು.’ ಮೂರನೇ ವಾರ ‘ನಾನು ಹೇಳಿದ್ದೇನೆ.’ ಪಕ್ಕದಲ್ಲೇ ಅಧಿಕಾರಿಯ ಸಹಿ, ಮೂರು ಸಲ. ನಾಲ್ಕನೇ ವಾರ ಘಾಟಿಯಲ್ಲಿ ಗಾಡಿ ನಿಂತಿತು. ಎಳೆದು ತರಲು ಆದ ಖರ್ಚೇ ಕ್ಲಚ್ ಪ್ಲೇಟಿಗಿಂತ ಜಾಸ್ತಿ. ಆಮೇಲೆ ಮೂರು ಕೊಟೇಶನ್ ತರಿಸಿದರು, ಮೂರರಲ್ಲೂ ‘ಪ್ರೆಶರ್’ ಅನ್ನುವ ಪದದ ಕಾಗುಣಿತ ಒಂದೇ ಥರ ತಪ್ಪಾಗಿತ್ತು.

ಪತ್ರಿಕೆಗಳು ಬರೆಯುವುದು ಬೇರೆಯದ್ದರ ಬಗ್ಗೆ. 2023ರಲ್ಲಿ ಸಚಿವರಿಗೆ 33 ಹೈಬ್ರಿಡ್ ಇನ್ನೋವಾ, ಸುಮಾರು 9.9 ಕೋಟಿ ಅಂದಾಗ ದೊಡ್ಡ ಗದ್ದಲವಾಯಿತು. ಆಗಬೇಕಾದ್ದೇ. ಆದರೆ ಬರಗಾಲದ ಹೊತ್ತಿಗೆ ಕಾರು ಬೇಕಿತ್ತಾ ಅನ್ನುವುದು ಒಂದು ದಿನದ ಪ್ರಶ್ನೆ. ತಾಲ್ಲೂಕಿಗೆ ನಾಲ್ಕೈದು ನಿಂತ ಗಾಡಿ ಅನ್ನುವುದು ಪ್ರತಿ ದಿನದ ಪ್ರಶ್ನೆ. ಅದಕ್ಕೆ ಫೋಟೊ ಬರುವುದಿಲ್ಲ.

ಕೊನೆಗೆ ಒಬ್ಬರು ಚೀಟಿ ಕಳಿಸಿದ್ದಾರೆ: ‘ಸಾಹೇಬರ ಮನೆಗೆ ತರಕಾರಿ ತರಲು ಹೋಗುವ ಗಾಡಿಯನ್ನು ಹೇಗೆ ನಿಲ್ಲಿಸುವುದು?’ ಹೆಸರು ಬರೆದಿಲ್ಲ, ಜಾಣರು. ನನಗೆ ನಿಲ್ಲಿಸಲು ಆಗಲಿಲ್ಲ, ನೇರವಾಗಿ ಹೇಳಿಬಿಡುತ್ತೇನೆ. ನಿವೃತ್ತಿಗೆ ಒಂದು ವರ್ಷ ಇದ್ದಾಗ ನಮ್ಮ ಕಚೇರಿಯಲ್ಲಿ ಒಂದು ಪ್ರಯೋಗ ಮಾಡಿದೆ. ಪ್ರತಿ ಗಾಡಿಯ ಲೆಕ್ಕ ಹಾಕಿ, ಒಂದು ಹಾಳೆಯಲ್ಲಿ ದೊಡ್ಡದಾಗಿ ‘ಈ ವಾಹನ: ಕಿಲೋಮೀಟರಿಗೆ ರೂ. 71’ ಅಂತ ಬರೆದು ಹಿಂದಿನ ಸೀಟಿನಲ್ಲಿ ಕೂತವರಿಗೆ ಕಾಣುವ ಹಾಗೆ ಅಂಟಿಸಿದೆವು. ಒಂದು ವಾರಕ್ಕೆ ಹಾಳೆ ಮಾಯ. ಮತ್ತೆ ಅಂಟಿಸಿದೆವು. ಮತ್ತೆ ಮಾಯ. ಮೂರನೇ ಸಲ ನಮ್ಮ ಡ್ರೈವರೇ ಅದನ್ನು ಲ್ಯಾಮಿನೇಶನ್ ಮಾಡಿಸಿ, ನಾಲ್ಕು ಸ್ಕ್ರೂ ಹಾಕಿ ಕೂರಿಸಿಬಿಟ್ಟರು. 30 ರೂಪಾಯಿ ಆಯಿತು. ಬಿಲ್ ಇನ್ನೂ ಪಾಸಾಗಿಲ್ಲ, ನನ್ನ ಹತ್ತಿರವೇ ಇದೆ.